ಹರಿವೆ, ದಂಟು, ಕೀರೆ, ರಾಜಗಿರಿ: ಒಂದು ಸೊಪ್ಪಿನ ಹೆಸರುಗಳ ಅರ್ಥವೂ ಬಳಕೆಯೂ

(ಗ್ರಾಮದ ಮುಖ್ಯಸ್ಥರ ಮತ್ತು ಹಿಡುವಳಿದಾರರ ಸಭೆಯಲ್ಲಿ ಮಾಡಿದ ಉಪನ್ಯಾಸ)



ತಮ್ಮ ಹಿತ್ತಿಲುಗಳಲ್ಲಿಯೂ ಬಾವಿಯ ಪಕ್ಕದ ಮಡಿಗಳಲ್ಲಿಯೂ ವರ್ಷವೆಲ್ಲಾ ಬೆಳೆಯುವ ಒಂದು ಸೊಪ್ಪಿನ ಹೆಸರನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಅರಿಕೆಮಾಡಬೇಕೆಂದಿದ್ದೇನೆ. ಸೊಪ್ಪಿನ ಹೆಸರನ್ನು ಹೇಳಿಕೊಡುವುದಕ್ಕೆ ಬೇಸಾಯದ ಇಲಾಖೆಯವರು ಬರಬೇಕೆ, ನಮ್ಮ ಮನೆಯ ಹೆಂಗಸರಿಗೆ ತಿಳಿಯದ ಸೊಪ್ಪುಂಟೆ, ಎಂದು ಕೆಲವರಿಗೆ ನಗು ಬರಬಹುದು. ಆ ಮಾತು ಒಪ್ಪತಕ್ಕದ್ದೇ ಸರಿ. ಅಡಿಗೆಯ ಮನೆಯಲ್ಲಿ ಹೆಸರಿನಿಂದ ಯಾವ ತೊಂದರೆಯೂ ಬರುವುದಿಲ್ಲ. ಅಲ್ಲಿ ಸೊಪ್ಪು ಕಣ್ಣೆದುರಿಗೇ ಇರುತ್ತದೆ. ತೊಂದರೆ ಬರುವುದು ಸೊಪ್ಪು ಕಣ್ಣೆದುರಿಗೆ ಇಲ್ಲದಿರುವಾಗ. ಅಂಗಡಿಯಲ್ಲಿ ಬೀಜವನ್ನು ಕೊಳ್ಳುವಾಗ, ದೂರದ ಊರಿನಿಂದ ಹೇಳಿಕಳುಹಿಸಿ ತರಿಸುವಾಗ, ಅಚ್ಚಾದ ತಿಳಿವಳಿಕೆಯ ಪತ್ರವನ್ನು ಓದಿ ಅದರಂತೆ ನಡೆಯುವಾಗ ನಮ್ಮ ಕೈಯಲ್ಲಿರುವುದು ಹೆಸರು ಒಂದೇ. ಬೀಜವನ್ನು ನೋಡಿ ತಿಳಿಯೋಣವೆಂದರೆ ಅದು ಸಾಸಿವೆಗಿಂತಲೂ ಬಹಳ ಸಣ್ಣದು. ಸಾವಿರ ಕಾಳು ಸೇರಿದರೂ ೧ ಗ್ರಾಂ ತೂಗುವುದಿಲ್ಲ. ಬಿತ್ತಿದ ಮೇಲೆ ಮೂರು ನಾಲ್ಕು ವಾರ ಕಳೆಯುವವರೆಗೆ ತಪ್ಪು ತಿಳಿಯುವುದಿಲ್ಲ. ತಿಳಿಯುವ ವೇಳೆಗೆ ನೀರು, ಗೊಬ್ಬರ, ಕೂಲಿ, ಇವುಗಳೊಡನೆ ಸಂತೆಯ ಕಾಲವೂ ಕೈಬಿಟ್ಟು ಹೋಗಿರುತ್ತದೆ.

ಆದುದರಿಂದ ಈ ಹೆಸರುಗಳ ಅರ್ಥವೇನು, ಯಾವ ಸೀಮೆಯಲ್ಲಿ ಯಾವ ಗಿಡಕ್ಕೆ ಯಾವ ಹೆಸರು ಸಲ್ಲುತ್ತದೆ, ಹೆಸರಿನ ಜೊತೆಗೆ ಇನ್ನೇನನ್ನು ಹೇಳಿದರೆ ನಷ್ಟಕ್ಕೆ ಎಡೆಯಾಗುವುದಿಲ್ಲ ಎಂಬ ಮೂರು ಸಂಗತಿಗಳನ್ನು ಕ್ರಮವಾಗಿ ವಿವರಿಸುತ್ತೇನೆ.

೧. ಸೊಪ್ಪು ಎಂಬ ಮಾತೇ ಮೊದಲು

ಮೈಸೂರು, ಬೆಂಗಳೂರು, ತುಮಕೂರು, ಹಾಸನಗಳ ಕಡೆ ಸೊಪ್ಪು ಎಂದರೆ ಬೇಯಿಸಿ ತಿನ್ನತಕ್ಕ ಎಲೆ. ಮಲೆನಾಡಿನ ಅಡಕೆಯ ತೋಟದವರ ಬಾಯಲ್ಲಿ ಅದೇ ಮಾತಿಗೆ ತೋಟಕ್ಕೆ ಹಾಕುವ ಹಸುರೆಲೆಯ ಗೊಬ್ಬರವೆಂಬ ಅರ್ಥವೂ ಉಂಟು. ಆ ಎಲೆಯನ್ನು ಕಡಿದು ತರುವುದಕ್ಕಾಗಿ ತೋಟಗಳಿಗೆ ಬಿಟ್ಟ ಕಾಡಿಗೆ ಸೊಪ್ಪಿನ ಬೆಟ್ಟವೆಂದು ಹೆಸರಾಗಿದೆ. ಹೊಗೆಸೊಪ್ಪು ಎಂಬಲ್ಲಿ ಅದು ತಿನ್ನುವ ಪಲ್ಯವೂ ಅಲ್ಲ, ಗೊಬ್ಬರವೂ ಅಲ್ಲ.

ಧಾರವಾಡ, ವಿಜಯಪುರ, ಕಲಬುರಗಿಗಳ ಕಡೆಗೆ ಹೋದರೆ ತಿನ್ನುವ ಎಲೆಗೆ ಪಲ್ಯವೆಂದೂ ತಪ್ಪಲು ಎಂದೂ ಹೇಳುವರು. ಸಂತೆಯಲ್ಲಿ ಹಸಿಯ ಕಟ್ಟನ್ನೇ ತೋರಿಸಿ ಮೆಂತ್ಯದ ಪಲ್ಯ, ಪುಂಡಿಯ ಪಲ್ಯ, ರಾಜಗಿರಿಯ ಪಲ್ಯ ಎಂದು ಕೂಗಿ ಮಾರುವರು. ಹಳೆಯ ಮೈಸೂರಿನವರಿಗಾದರೋ ಪಲ್ಯವೆಂದರೆ ಒಲೆಯ ಮೇಲಿನಿಂದ ಇಳಿದು ಒಗ್ಗರಣೆಯಾದ ಪದಾರ್ಥ. ಅಷ್ಟೇ ಅಲ್ಲ, ಉತ್ತರದ ಜಿಲ್ಲೆಗಳಲ್ಲಿ ಸೊಪ್ಪೆ ಎಂದರೆ ತೆನೆ ಮುರಿದ ಮೇಲೆ ಉಳಿಯುವ ಜೋಳದ ಒಣ ಮೇವು. ಸೊಪ್ಪಿಗೂ ಸೊಪ್ಪೆಗೂ ಒಂದು ಸ್ವರದ ಅಂತರ. ಒಂದನ್ನು ಜನ ತಿನ್ನುವರು, ಇನ್ನೊಂದನ್ನು ದನ ತಿನ್ನುವುದು.

೧೯೫೬ನೆಯ ಇಸವಿ ನವೆಂಬರ್ ೧ರಂದು ಮುಂಬಯಿ, ಹೈದರಾಬಾದು, ಮದರಾಸು ಪ್ರಾಂತಗಳಲ್ಲಿದ್ದ ಕನ್ನಡ ಜಿಲ್ಲೆಗಳೂ ಕೊಡಗೂ ಮೈಸೂರಿನೊಡನೆ ಒಂದಾದುವಷ್ಟೆ. ಅಲ್ಲಿಂದೀಚೆಗೆ ಒಂದು ಊರಿನಲ್ಲಿ ಅಚ್ಚಾದ ತಿಳಿವಳಿಕೆಯ ಪತ್ರವು ಬೀದರದಿಂದ ಚಾಮರಾಜನಗರದವರೆಗೆ ಹೋಗುತ್ತದೆ. ಒಂದು ಕಡೆ ಕಟ್ಟಿದ ಬೀಜದ ಪೊಟ್ಟಣವು ಎಲ್ಲ ಸಂತೆಗಳಲ್ಲಿಯೂ ಮಾರಾಟವಾಗುತ್ತದೆ. ನಾಡು ಒಂದಾಯಿತು; ಸೊಪ್ಪಿನ ಹೆಸರುಗಳು ಮಾತ್ರ ಸೀಮೆ ಸೀಮೆಗೆ ಬೇರೆಯಾಗಿಯೇ ಉಳಿದುವು. ಇದು ದೋಷವೆಂದು ನಾನು ಹೇಳುವುದಿಲ್ಲ. ತಿಳಿದು ನಡೆಯಬೇಕಾದ ಸಂಗತಿ ಎಂದು ಮಾತ್ರ ಹೇಳುತ್ತೇನೆ.

೨. ನಾಲ್ಕು ಹೆಸರುಗಳ ಅರ್ಥ

ಮೊದಲನೆಯದು ದಂಟು. ಗಿಡದ ಕಾಂಡಕ್ಕೆ ದಂಟೆಂದು ಹೆಸರು. ಜೋಳದ ದಂಟು, ರಾಗಿಯ ದಂಟು ಎಂಬ ಮಾತುಗಳು ಎಲ್ಲರಿಗೂ ಗೊತ್ತು. ಈ ಸೊಪ್ಪಿನ ಗಿಡದಲ್ಲಿ ಎಲೆಗಿಂತಲೂ ಎಳೆಯ ಕಾಂಡವೇ ರುಚಿಯಾದುದೆಂದು ಕಂಡ ನಮ್ಮ ಹಿರಿಯರು ಅದಕ್ಕೆ ದಂಟಿನ ಸೊಪ್ಪೆಂದು ಹೆಸರಿಟ್ಟರು. ಕಾಂಡವನ್ನು ಬೆರಳುದ್ದ ಕತ್ತರಿಸಿ, ನಾರು ಸುಲಿದು, ಹುಳಿಗೆ ಹಾಕುವ ಪದ್ಧತಿ ಇದರಿಂದಲೇ ಬಂದುದು. ತಮಿಳರು ಇದೇ ಅರ್ಥದಲ್ಲಿ ತಂಡುಕ್ಕೀರೈ ಎನ್ನುವರು. ಹೀಗೆ ದಂಟು ಎಂಬುದು ತಿನ್ನುವ ಭಾಗವನ್ನು ಹೇಳುವ ಹೆಸರು.

ಎರಡನೆಯದು ಕೀರೆ. ತಮಿಳಿನಲ್ಲಿ ಕೀರೈ ಎಂದರೆ ತಿನ್ನುವ ಸೊಪ್ಪುಗಳಿಗೆಲ್ಲಾ ಸಾಮಾನ್ಯವಾದ ಹೆಸರು. ನುಗ್ಗೆಯ ಸೊಪ್ಪೂ ಅವರಿಗೆ ಕೀರೈಯೇ. ಮಲೆಯಾಳದಲ್ಲಿ ಇದೇ ಮಾತು ಚೀರ ಎಂದಾಗಿದೆ. ಬೆಂಗಳೂರು, ಕೋಲಾರಗಳ ಕಡೆಯ ನಮ್ಮ ಕನ್ನಡದಲ್ಲಿ ಈ ಮಾತಿನ ಅರ್ಥ ಕಿರಿದಾಗಿ, ಎಳೆಯದಾಗಿರುವಾಗಲೇ ಬೇರುಸಹಿತ ಕಿತ್ತು ಕಟ್ಟುಕಟ್ಟಿ ಮಾರುವ ಒಂದು ಸೊಪ್ಪಿಗೆ ನಿಂತಿತು. ಆದುದರಿಂದ ತಮಿಳುನಾಡಿನ ಪೊಟ್ಟಣದ ಮೇಲೆ ಕೀರೈ ಎಂಬ ಮಾತನ್ನು ಕಂಡು ಅದು ನಮ್ಮ ಕೀರೆಯೇ ಎಂದು ನಂಬಕೂಡದು. ಅದರ ಹಿಂದಿರುವ ವಿಶೇಷಣವನ್ನು ಓದಬೇಕು. ಮುಳೈಕ್ಕೀರೈ ಎಂದರೆ ಮೊಳಕೆಯಂತಿರುವಾಗಲೇ ಕೀಳತಕ್ಕದ್ದು. ತಂಡುಕ್ಕೀರೈ ಎಂದರೆ ದಂಟಿಗಾಗಿ ಬೆಳೆಯತಕ್ಕದ್ದು.

ಮೂರನೆಯದು ಹರಿವೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಈ ಜಾತಿಗೆಲ್ಲಾ ಇದೇ ಮುಖ್ಯವಾದ ಹೆಸರು. ಕೆಂಪು ಹರಿವೆ, ಬಿಳಿ ಹರಿವೆ ಎಂದು ಬಣ್ಣದಿಂದ ವಿಂಗಡಿಸುವರು. ಎಲೆಯನ್ನೂ ದಂಟನ್ನೂ ಎರಡನ್ನೂ ಬಳಸುವರು. ತುಳುವಿನಲ್ಲಿ ಇದಕ್ಕೆ ಪದ್ಪೆ ಎಂದು ಹೆಸರು. ಬಯಲುಸೀಮೆಯ ಹಳ್ಳಿಗಳಲ್ಲಿ ಹಕಾರವನ್ನು ಬಿಟ್ಟು ಅರಿವೆಸೊಪ್ಪು, ಅರವೆಸೊಪ್ಪು ಎಂದು ನುಡಿಯುವುದುಂಟು. ಅಲ್ಲಿ ಆ ಹೆಸರು ಸಾಮಾನ್ಯವಾಗಿ ಗಿಡ್ಡನಾದ, ಎಲೆಗಾಗಿಯೇ ಬೆಳೆಯುವ ಸೊಪ್ಪಿಗೆ ಸಲ್ಲುತ್ತದೆ. ಅರಿವೆ ಎಂದರೆ ಬಟ್ಟೆಯೂ ಆಗುವುದರಿಂದ ಬರೆಯುವಾಗ ಹಕಾರವನ್ನು ಉಳಿಸಿ ಬರೆಯುವುದು ಲೇಸು.

ನಾಲ್ಕನೆಯದು ರಾಜಗಿರಿ. ಉತ್ತರ ಕರ್ನಾಟಕದಲ್ಲಿ ಎಲೆಗಾಗಿ ಬೆಳೆಯುವ ಸೊಪ್ಪಿಗೇ ರಾಜಗಿರಿಯ ಪಲ್ಯವೆಂದು ಹೆಸರು. ಆದರೆ ಮರಾಠಿಯಲ್ಲಿಯೂ ಪೇಟೆಯ ವರ್ತಕರ ಮಾತಿನಲ್ಲಿಯೂ ರಾಜಗಿರಾ ಎಂದರೆ ಕಾಳು. ಉಪವಾಸದ ದಿವಸಗಳಲ್ಲಿ ಅದನ್ನು ಹುರಿದು ಅರಳಿಸಿ ಬೆಲ್ಲದೊಡನೆ ಉಂಡೆಕಟ್ಟುವರು. ಈ ಕಾಳಿನ ಜಾತಿಗಳು ಮೂಲತಃ ಅಮೆರಿಕಾ ಖಂಡದವು. ಮೆಕ್ಸಿಕೋ ದೇಶದ ಅಜ್ಟೆಕ್ ಜನರು ಇದನ್ನು ಧಾನ್ಯವಾಗಿ ಬೆಳೆದು ಅರಸನಿಗೆ ಕಂದಾಯವಾಗಿ ಅಳೆಯುತ್ತಿದ್ದರು. ಎಲೆಯ ಹರಿವೆಯಾದರೋ ಏಷ್ಯಾದ್ದೇ. ಹೀಗೆ ರಾಜಗಿರಿ ಎಂಬ ಒಂದೇ ಹೆಸರಿನ ಹಿಂದೆ ಎರಡು ಖಂಡಗಳ ಎರಡು ಬೆಳೆಗಳು ನಿಂತಿವೆ.

ಶಾಸ್ತ್ರಜ್ಞರು ಈ ಗಿಡಗಳನ್ನೆಲ್ಲಾ ಅಮರಾಂತಸ್ ಎಂಬ ಕುಲಕ್ಕೆ ಸೇರಿಸಿದ್ದಾರೆ. ಸ್ವೀಡನ್ ದೇಶದ ಲಿನ್ನೇಯಸ್ ಎಂಬ ಪಂಡಿತನು ೧೭೫೩ರಲ್ಲಿ ಪ್ರಕಟಿಸಿದ ಸಸ್ಯಗ್ರಂಥದಲ್ಲಿ ಇವುಗಳಲ್ಲಿ ಹಲವಕ್ಕೆ ಹೆಸರುಗಳನ್ನಿಟ್ಟನು. ಈ ಶಬ್ದಕ್ಕೂ ನಮ್ಮ ಅಮರ ಎಂಬ ಶಬ್ದಕ್ಕೂ ಉಚ್ಚಾರದ ಹೋಲಿಕೆಯಿದ್ದರೂ ಇದು ಸಂಸ್ಕೃತದಿಂದ ಹೋದುದಲ್ಲ. ಬಾಡದುದು ಎಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದುದು. ಕೆಲವು ಜಾತಿಗಳ ಹೂಗೊನೆಯು ಒಣಗಿದ ಮೇಲೆಯೂ ಬಣ್ಣಗೆಡದೆ ಇರುವುದೇ ಇದಕ್ಕೆ ಕಾರಣ. ಸಂಸ್ಕೃತದಲ್ಲಿ ಮಾರಿಷ, ತಂಡುಲೀಯ ಎಂಬ ಹೆಸರುಗಳುಂಟು. ಎರಡನೆಯದು ಅಕ್ಕಿ ಎಂಬ ಅರ್ಥದ ತಂಡುಲ ಶಬ್ದದಿಂದ ಆದುದು. ತೆಲುಗರು ತೋಟಕೂರ ಎನ್ನುವರು. ಅದು ಗಿಡ ಬೆಳೆಯುವ ಸ್ಥಳವನ್ನು ಹಿಡಿದು ಬಂದ ಹೆಸರು.

ಇವೆಲ್ಲವನ್ನೂ ಒಟ್ಟಿಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಜನರು ಗಿಡಕ್ಕೆ ಹೆಸರಿಡುವಾಗ ಅದರ ಜಾತಿಯನ್ನು ನೋಡಲಿಲ್ಲ. ತಮಗೆ ಅದರಿಂದ ಆದ ಉಪಯೋಗವನ್ನು ನೋಡಿದರು. ಕಾಂಡವನ್ನು ತಿಂದವರು ದಂಟೆಂದರು. ತೋಟದಲ್ಲಿ ಬೆಳೆದವರು ತೋಟಕೂರವೆಂದರು. ಆದಕಾರಣ ಈ ಹೆಸರುಗಳು ತಮ್ಮ ತಮ್ಮ ಸೀಮೆಯೊಳಗೆ ಸಂಪೂರ್ಣವಾಗಿ ಸತ್ಯವಾದುವು. ಸೀಮೆಯನ್ನು ದಾಟಿದೊಡನೆ ಅವುಗಳಿಗೆ ಸಾಕ್ಷಿ ಬೇಕಾಗುತ್ತದೆ.

೩. ಹೆಸರಿನ ಹಿಂದಿರುವ ಗಿಡಗಳು

ನಮ್ಮ ನಾಡಿನಲ್ಲಿ ಕಾಣಬರುವ ಈ ಕುಲದ ಗಿಡಗಳನ್ನು ಹಿಡುವಳಿದಾರರು ಐದು ಬಗೆಯಾಗಿ ಗುರುತಿಟ್ಟುಕೊಂಡರೆ ಸಾಕು.

ಮೊದಲನೆಯ ಬಗೆ, ಕೀಳುವ ಸೊಪ್ಪು. ಇದನ್ನು ಒತ್ತಾಗಿ ಚೆಲ್ಲಿ, ೨೦ರಿಂದ ೨೫ ದಿವಸಗಳೊಳಗೆ ಬೇರುಸಹಿತ ಕಿತ್ತು ಮಾರತಕ್ಕದ್ದು. ಒಮ್ಮೆ ಕಿತ್ತರೆ ಬೆಳೆ ಮುಗಿಯಿತು.

ಎರಡನೆಯ ಬಗೆ, ಕೊಯ್ಯುವ ಸೊಪ್ಪು. ಇದರಲ್ಲಿ ೨೫ರಿಂದ ೩೦ ದಿವಸಗಳಿಗೆ ಮೊದಲನೆಯ ಕೊಯ್ಲು. ಬುಡವನ್ನು ಬಿಟ್ಟು ಕೊಯ್ದರೆ ಪುನಃ ಚಿಗುರುವುದು. ಅನಂತರ ವಾರಕ್ಕೋ ಹತ್ತು ದಿವಸಕ್ಕೋ ಒಂದಾವೃತ್ತಿ ಕೊಯ್ಯಬಹುದು. ಹೆಸರಘಟ್ಟದ ತೋಟಗಾರಿಕೆಯ ಸಂಶೋಧನಾ ಸಂಸ್ಥೆಯವರು ಬಿಡುಗಡೆಮಾಡಿದ ಹಸುರೆಲೆಯ ಅರ್ಕ ಸುಗುಣ, ಕೆನ್ನೀಲಿ ಎಲೆಯ ಅರ್ಕ ಅರುಣಿಮಾ ಎಂಬ ತಳಿಗಳು ಈ ವರ್ಗಕ್ಕೆ ಸೇರಿದುವು.

ಮೂರನೆಯ ಬಗೆ, ದಂಟು. ಇದಕ್ಕೆ ಗಿಡದಿಂದ ಗಿಡಕ್ಕೆ ಸುಮಾರು ಒಂದು ಅಡಿ ಎಡೆ ಬೇಕು. ದಂಟು ದಪ್ಪನಾಗಿ, ನಾರು ಬಲಿಯುವುದಕ್ಕೆ ಮುಂಚೆ, ಒಂದೂವರೆ ಎರಡು ತಿಂಗಳಿಗೆ ಕೊಯ್ಯತಕ್ಕದ್ದು.

ನಾಲ್ಕನೆಯ ಬಗೆ, ಕಾಳಿನ ರಾಜಗಿರಿ. ಇದು ಆಳೆತ್ತರಕ್ಕೂ ಬೆಳೆದು, ತುದಿಯಲ್ಲಿ ದೊಡ್ಡ ಗೊನೆಯನ್ನು ಬಿಟ್ಟು, ಕಾಳು ಬಲಿಯುವುದಕ್ಕೆ ಮೂರು ತಿಂಗಳಿಗೆ ಕಡಿಮೆಯಿಲ್ಲದ ಕಾಲವನ್ನು ತೆಗೆದುಕೊಳ್ಳುತ್ತದೆ. ಇದರ ಎಳೆಯ ಎಲೆಯನ್ನೂ ತಿನ್ನಬಹುದು. ಆದರೆ ಸೊಪ್ಪಿನ ಸಂತೆಗೆಂದು ಇದನ್ನು ಬಿತ್ತುವುದು ಲಾಭಕರವಲ್ಲ.

ಐದನೆಯ ಬಗೆ, ಬಿತ್ತದೆ ಬೆಳೆಯುವುವು. ತಿಪ್ಪೆಯ ಪಕ್ಕದಲ್ಲಿಯೂ ಹಾಳುಬಿದ್ದ ನಿವೇಶನಗಳಲ್ಲಿಯೂ ಬೆಳೆಯುವ ಮುಳ್ಳುಹರಿವೆ ಇವುಗಳಲ್ಲಿ ಮುಖ್ಯವಾದುದು. ಎಲೆಯು ಕಾಂಡಕ್ಕೆ ಕೂಡುವ ಕಂಕುಳಲ್ಲಿ ಎರಡೆರಡು ಚೂಪಾದ ಮುಳ್ಳುಗಳಿರುವುದೇ ಇದರ ಗುರುತು. ಮುಳ್ಳಿಲ್ಲದ ಚಿಕ್ಕ ಕಾಡು ಹರಿವೆಯೂ ಉಂಟು. ಬೆರಕೆಸೊಪ್ಪು ಆಯುವ ಹೆಂಗಸರು ಇದನ್ನು ಅಣ್ಣೆ, ಗೋಣಿ, ಹೊನಗೊನ್ನೆಗಳೊಡನೆ ಮಡಿಲಿಗೆ ಹಾಕಿಕೊಳ್ಳುವರು.

ಗುರುತಿಸುವುದಕ್ಕೆ ಎರಡು ಸುಲಭವಾದ ಲಕ್ಷಣಗಳನ್ನು ಹೇಳುತ್ತೇನೆ. ಕಾಳಿನ ರಾಜಗಿರಿಯ ಬೀಜವು ಸಾಮಾನ್ಯವಾಗಿ ಕೆನೆಯಂತೆ ಬೆಳ್ಳಗಿರುವುದು. ಸೊಪ್ಪಿನ ಜಾತಿಗಳ ಬೀಜವು ಸಾಮಾನ್ಯವಾಗಿ ಕರಿದಾಗಿ ಹೊಳೆಯುವುದು. ಇನ್ನು ಹೂವಿನ ವಿಷಯ. ಎಲೆಯ ಹರಿವೆಯಲ್ಲಿ ಹೂವುಗಳು ಬಹುಮಟ್ಟಿಗೆ ಎಲೆಯ ಕಂಕುಳಲ್ಲಿ ಸಣ್ಣ ಉಂಡೆಗಳಂತೆ ಕೂಡಿರುವುವು. ಕಾಳಿನ ಜಾತಿಯಲ್ಲಿ ತುದಿಯಲ್ಲಿ ಬಾಲದಂತೆಯೋ ಕುಚ್ಚಿನಂತೆಯೋ ದೊಡ್ಡ ಗೊನೆಯಾಗಿರುವುವು.

೪. ಹೆಸರು ತಪ್ಪಿದರೆ ಆಗುವ ನಷ್ಟ

ಒಂದು ಉದಾಹರಣೆಯನ್ನು ಹೇಳುತ್ತೇನೆ. ಕರಾವಳಿಯ ಕಡೆಯಿಂದ ಬಂದು ಬಯಲುಸೀಮೆಯಲ್ಲಿ ಜಮೀನು ಮಾಡಿಕೊಂಡಿದ್ದ ಒಬ್ಬ ಗೃಹಸ್ಥರು ತಮ್ಮ ಊರಿನಂತೆ ದಪ್ಪ ದಂಟಿನ ಹರಿವೆಯನ್ನು ಬೆಳೆದು ಮದುವೆಯ ಕಾಲಕ್ಕೆ ಪಟ್ಟಣದ ಅಡಿಗೆಯವರಿಗೆ ಒದಗಿಸಬೇಕೆಂದು ಮಾತುಕೊಟ್ಟಿದ್ದರು. ಹತ್ತು ಗುಂಟೆಯನ್ನು ಹದಮಾಡಿ, ಕೊಟ್ಟಿಗೆಯ ಗೊಬ್ಬರ ಹಾಕಿ, ಪೇಟೆಯ ಅಂಗಡಿಯಿಂದ ಹರಿವೆಯ ಬೀಜವನ್ನು ತರಿಸಿ ಬಿತ್ತಿದರು. ಬೀಜವು ಒಳ್ಳೆಯದೇ, ಚೆನ್ನಾಗಿಯೇ ಹುಟ್ಟಿತು. ಆದರೆ ಅದು ಅಲ್ಲಿಯ ಜನ ಅರಿವೆಸೊಪ್ಪೆಂದು ಕರೆಯುವ ಗಿಡ್ಡ ಜಾತಿ. ಒಂದಡಿ ಎಡೆಬಿಟ್ಟು ತೆಳುವುಮಾಡಿ ದಂಟಿಗಾಗಿ ಕಾದುಕುಳಿತರೆ, ಮೊಣಕಾಲೆತ್ತರಕ್ಕೂ ಬಾರದೆ ಹೂವಾಯಿತು. ಎಲೆಗಾಗಿ ಮಾರೋಣವೆಂದರೆ ಅದರ ಕಾಲವೂ ಮೀರಿತ್ತು. ಕೊಟ್ಟ ಮಾತಿಗಾಗಿ ಬೇರೆಯವರಿಂದ ದಂಟನ್ನು ಹೆಚ್ಚು ಬೆಲೆಗೆ ಕೊಂಡು ಒದಗಿಸಬೇಕಾಯಿತು. ಇಲ್ಲಿ ವರ್ತಕನು ಮೋಸಮಾಡಲಿಲ್ಲ. ಕೊಂಡವರು ಅಜಾಗರೂಕರಾಗಿಯೂ ಇರಲಿಲ್ಲ. ಒಬ್ಬರು ತಮ್ಮ ಊರಿನ ಅರ್ಥದಲ್ಲಿ ಕೇಳಿದರು, ಇನ್ನೊಬ್ಬರು ತಮ್ಮ ಊರಿನ ಅರ್ಥದಲ್ಲಿ ಕೊಟ್ಟರು. ಇಬ್ಬರೂ ಆಡಿದ್ದು ನಿಜವೇ. ಆದರೂ ಹತ್ತು ಗುಂಟೆಯ ಬೆಳೆ ಹೋಯಿತು.

ಎರಡನೆಯ ನಷ್ಟವು ಬೇಸಾಯದ ಕ್ರಮದಲ್ಲಿ ಆಗತಕ್ಕದ್ದು. ಕೀಳುವ ಸೊಪ್ಪಿಗೆ ಹೇಳಿದ ಒತ್ತು ಬಿತ್ತನೆಯನ್ನು ದಂಟಿಗೆ ಮಾಡಿದರೆ ಕಡ್ಡಿಯಂತೆ ಬಡವಾದ ಗಿಡಗಳಾಗುವುವು. ದಂಟಿಗೆ ಹೇಳಿದ ಎಡೆಯನ್ನು ಕೀಳುವ ಸೊಪ್ಪಿಗೆ ಕೊಟ್ಟರೆ ನೆಲ ಬರಿದಾಗಿ ಕಳೆ ತುಂಬುವುದು. ಕೊಯ್ಯುವ ಸೊಪ್ಪನ್ನು ಕೀಳುವ ಸೊಪ್ಪೆಂದು ತಿಳಿದು ಬೇರುಸಹಿತ ಕಿತ್ತರೆ ಮುಂದಿನ ಕೊಯ್ಲುಗಳೆಲ್ಲಾ ನಷ್ಟ. ಇದಲ್ಲದೆ, ಹಗಲು ಕಿರಿದಾಗುವ ಕಾಲದಲ್ಲಿ ಬಿತ್ತಿದರೆ ಬೇಗನೆ ಹೂವಿಗೆ ಬರುವ ತಳಿಗಳೂ ಉಂಟು. ತಳಿ ಯಾವುದೆಂದು ತಿಳಿಯದವರಿಗೆ ಬಿತ್ತನೆಯ ಕಾಲವೂ ತಿಳಿಯುವುದಿಲ್ಲ.

ಮೂರನೆಯದು ದನಕರುಗಳಿಗೆ ಸಂಬಂಧಪಟ್ಟ ವಿಷಯ. ಗ್ರಾಮದ ಮುಖ್ಯಸ್ಥರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ. ಹರಿವೆಯ ಕುಲದ ಗಿಡಗಳಿಗೆ, ವಿಶೇಷವಾಗಿ ಗೊಬ್ಬರ ಹೆಚ್ಚಾದ ನೆಲದಲ್ಲಿ ಬೆಳೆದು ಮಳೆಯಿಲ್ಲದೆ ಸೊರಗಿದಾಗ, ನೈಟ್ರೇಟ್ ಎಂಬ ಲವಣವನ್ನು ಕಾಂಡದಲ್ಲಿ ಕೂಡಿಸಿಟ್ಟುಕೊಳ್ಳುವ ಸ್ವಭಾವವಿದೆ. ತಿಪ್ಪೆಯ ಸುತ್ತ ಬೆಳೆದ ಮುಳ್ಳುಹರಿವೆಯಲ್ಲಿ ಇದು ಹೆಚ್ಚಾಗಿರುವ ಸಂಭವವುಂಟು. ಹರಿವೆ ತಾನೆ, ನಾವೇ ತಿನ್ನುವ ಸೊಪ್ಪಲ್ಲವೆ, ಎಂದು ಹೆಸರನ್ನು ನಂಬಿ, ಬರಗಾಲದಲ್ಲಿ ಹಸಿದ ದನಗಳಿಗೆ ಅದನ್ನೇ ಹೊರೆಹೊರೆಯಾಗಿ ಹಾಕಿದರೆ ದನಗಳಿಗೆ ಉಸಿರಾಟ ಕಷ್ಟವಾಗಿ, ರಕ್ತವು ಕಂದುಬಣ್ಣಕ್ಕೆ ತಿರುಗಿ, ಬೇಗನೆ ಸಾಯುವುದೂ ಉಂಟು. ಬೇರೆ ಒಣಮೇವಿನೊಡನೆ ಸ್ವಲ್ಪಸ್ವಲ್ಪವಾಗಿ ಕೊಡುವುದಕ್ಕೂ, ಬರಿಯ ಹೊಟ್ಟೆಗೆ ಅದೊಂದನ್ನೇ ತುಂಬುವುದಕ್ಕೂ ಬಹಳ ವ್ಯತ್ಯಾಸವಿದೆ. ಇಂಥ ಲಕ್ಷಣಗಳು ಕಂಡೊಡನೆ ಆ ಮೇವನ್ನು ನಿಲ್ಲಿಸಿ ಪಶುವೈದ್ಯರಿಗೆ ಹೇಳಿಕಳುಹಿಸತಕ್ಕದ್ದು.

ಈ ತೊಡಕು ಹರಿವೆಯೊಂದರಲ್ಲೇ ಇರುವುದೆಂದು ತಿಳಿಯಬೇಡಿ. ಚಕ್ಕೋತವೆಂದರೆ ಒಬ್ಬರಿಗೆ ಸೊಪ್ಪು, ಇನ್ನೊಬ್ಬರಿಗೆ ತಲೆಗಾತ್ರದ ಹಣ್ಣು. ನಮ್ಮ ಪೇಟೆಗಳಲ್ಲಿ ಸಾಮಾನ್ಯವಾಗಿ ಮಾರುವ ಪಾಲಕ್ ಸೊಪ್ಪು ಬೀಟ್‌ರೂಟಿನ ಜಾತಿಗೆ ಸೇರಿದುದು; ಇಂಗ್ಲಿಷಿನವರು ಸ್ಪಿನೆಚ್ ಎನ್ನುವ ಗಿಡವು ಬೇರೆ. ಬಸಳೆಯ ಬಳ್ಳಿಗೆ ಇಂಗ್ಲಿಷಿನಲ್ಲಿ ಮಲಬಾರ್ ಸ್ಪಿನೆಚ್ ಎಂದು ಹೆಸರು. ಅದು ಈ ಎರಡಕ್ಕೂ ಸೇರಿದುದಲ್ಲ. ಆದರೆ ಬಸಳೆಯ ವಿಷಯದಲ್ಲಿ ಸಂತೋಷಪಡಬೇಕಾದ ಒಂದು ಸಂಗತಿಯಿದೆ. ಕೊಚ್ಚಿಯಲ್ಲಿ ಅಧಿಕಾರದಲ್ಲಿದ್ದ ಡಚ್ಚರ ವಾನ್ ರೀಡ್ ಎಂಬಾತನು ಪಶ್ಚಿಮ ಕರಾವಳಿಯ ವೈದ್ಯರ ಸಹಾಯದಿಂದ ಸಿದ್ಧಪಡಿಸಿದ ಹೋರ್ಟಸ್ ಮಲಬಾರಿಕಸ್ ಎಂಬ ಸಸ್ಯಗ್ರಂಥವು ೧೬೭೮ರಿಂದ ೧೬೯೩ರವರೆಗೆ ೧೨ ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಂ ನಗರದಲ್ಲಿ ಅಚ್ಚಾಯಿತು. ಅದರಲ್ಲಿ ಗಿಡಗಳಿಗೆ ಊರಿನವರು ಹೇಳಿದ ಹೆಸರುಗಳನ್ನೇ ಬರೆದುಕೊಂಡರು. ಆ ಮೂಲಕ ನಮ್ಮ ಕರಾವಳಿಯ ಹೆಸರೇ ಬಸೆಲ್ಲ ಎಂಬ ರೂಪದಲ್ಲಿ ಶಾಸ್ತ್ರದ ಹೆಸರಾಗಿ ಲೋಕದಲ್ಲೆಲ್ಲಾ ನಿಂತಿತು. ಹಳ್ಳಿಯ ಹೆಸರು ಕೀಳೆಂದು ಭಾವಿಸುವವರು ಇದನ್ನು ನೆನೆಯತಕ್ಕದ್ದು. ಗಿಡವನ್ನು ಎದುರಿಗಿಟ್ಟು, ಹೆಸರನ್ನು ಬರೆದು, ಚಿತ್ರವನ್ನೂ ಲಕ್ಷಣವನ್ನೂ ಜೊತೆಗೆ ಸೇರಿಸಿದುದರಿಂದಲೇ ಆ ಹೆಸರು ಎಲ್ಲಿ ಹೋದರೂ ಸಂದಿತು.

೫. ಮಾಡತಕ್ಕ ಕೆಲಸ

ಇನ್ನು ತಾವು ಮಾಡತಕ್ಕುದೇನೆಂದು ಸಂಗ್ರಹವಾಗಿ ಹೇಳುತ್ತೇನೆ.

(೧) ಬೀಜವನ್ನು ಕೇಳುವಾಗ ಹೆಸರೊಂದನ್ನೇ ಹೇಳಕೂಡದು. ಕೀಳುವುದೋ, ಕೊಯ್ಯುವುದೋ, ದಂಟಿನದೋ, ಕಾಳಿನದೋ ಎಂಬುದನ್ನೂ, ಎಲೆಯ ಬಣ್ಣವನ್ನೂ, ಬೀಜದ ಬಣ್ಣವನ್ನೂ ಸೇರಿಸಿ ಹೇಳಬೇಕು. “ಪುನಃಪುನಃ ಕೊಯ್ಯುವ, ಹಸುರೆಲೆಯ, ಕರಿಯ ಬೀಜದ ಹರಿವೆ, ಹತ್ತು ಗುಂಟೆಗೆ ಸಾಲುವಷ್ಟು” ಎಂದು ಬರೆದರೆ ಬೀದರದ ವರ್ತಕನೂ ಮಂಗಳೂರಿನ ವರ್ತಕನೂ ಒಂದೇ ಬೀಜವನ್ನು ಕೊಡುವರು. ನೇರವಾಗಿ ಬಿತ್ತುವುದಕ್ಕೆ ಎಕರೆಗೆ ಸುಮಾರು ೧ ಕಿಲೋಗ್ರಾಂ, ಎಂದರೆ ಗುಂಟೆಗೆ ಸುಮಾರು ೨೫ ಗ್ರಾಂ ಬೀಜ ಸಾಕು. ಬೀಜ ಬಹಳ ಸಣ್ಣದಾದುದರಿಂದ ನಯವಾದ ಮರಳಿನೊಡನೆ ಬೆರಸಿ ಚೆಲ್ಲಬೇಕು.

(೨) ಪೊಟ್ಟಣದ ಚೀಟಿಯನ್ನು ಓದಿಸಿ ನೋಡಬೇಕು. ೧೯೬೬ರಲ್ಲಿ ಆದ ಬೀಜಗಳ ಕಾಯಿದೆಯು ಅಧಿಕೃತವಾಗಿ ಪ್ರಕಟವಾದ ತಳಿಗಳ ಬೀಜದ ಮೇಲೆ ಚೀಟಿಯಿರಬೇಕೆಂದು ವಿಧಿಸಿತು. ಬೆಳೆಯ ಹೆಸರು ದೊಡ್ಡ ಅಕ್ಷರದಲ್ಲಿ ಕಂಡರೆ ಸಾಲದು. ತಳಿಯ ಹೆಸರನ್ನೂ, ಮೊಳಕೆಯ ಪ್ರಮಾಣವನ್ನೂ, ಪರೀಕ್ಷೆಯಾದ ತಾರೀಖನ್ನೂ ನೋಡಬೇಕು. ಬಿತ್ತನೆಯಾದ ಮೇಲೆ ಪೊಟ್ಟಣವನ್ನು ಬಿಸಾಡದೆ, ಒಂದು ಚಿಟಿಕೆ ಬೀಜದೊಡನೆ ಬೆಳೆ ಮುಗಿಯುವವರೆಗೆ ಇಟ್ಟುಕೊಂಡಿರಬೇಕು. ಮುಂದೆ ವ್ಯಾಜ್ಯ ಬಂದರೆ ಅದೇ ಸಾಕ್ಷಿ.

(೩) ಹೊಸ ಬೀಜವನ್ನು ಇಡೀ ಹಿಡುವಳಿಗೆ ಬಿತ್ತುವುದಕ್ಕೆ ಒಂದು ತಿಂಗಳು ಮುಂಚೆ ಮೊರದಗಲದ ಪಾತಿಯಲ್ಲಿ ಚಿಟಿಕೆಯಷ್ಟನ್ನು ಬಿತ್ತಿ ನೋಡುವುದು ಉತ್ತಮ. ಒಂದು ಬಿಂದಿಗೆ ನೀರಿನ ಖರ್ಚಿನಲ್ಲಿ ಹತ್ತು ಗುಂಟೆಯ ಬೆಳೆ ಉಳಿಯುವುದು.

(೪) ಮನೆಯ ಬೀಜವನ್ನು ಉಳಿಸುವವರು ಎರಡು ಎಚ್ಚರಿಕೆಗಳನ್ನು ವಹಿಸಬೇಕು. ಈ ಗಿಡಗಳ ಪರಾಗವು ಗಾಳಿಯಲ್ಲಿ ಹಾರತಕ್ಕದ್ದು. ಆದುದರಿಂದ ಬೀಜಕ್ಕೆ ಬಿಟ್ಟ ಗಿಡಗಳು ಬೇರೆ ತಳಿಯ ಹರಿವೆಯಿಂದ ಒಂದೆರಡು ಫರ್ಲಾಂಗಾದರೂ ದೂರವಿರಬೇಕು. ಅಷ್ಟು ದೂರ ಸಿಕ್ಕದಿದ್ದರೆ ಹೂಬಿಡುವ ಕಾಲವು ಬೇರೆಯಾಗುವಂತೆ ಬಿತ್ತಬೇಕು. ಮುಳ್ಳುಹರಿವೆಯೂ ಕಾಡು ಹರಿವೆಯೂ ಬೀಜದ ಮಡಿಯ ಸುತ್ತ ಹೂವಾಗುವುದಕ್ಕೆ ಮುಂಚೆಯೇ ಕಿತ್ತುಹಾಕಬೇಕು. ಅವುಗಳ ಕರಿಯ ಬೀಜವು ಒಳ್ಳೆಯ ಬೀಜದೊಡನೆ ಬೆರೆತರೆ ಕೇರಿ ಬೇರ್ಪಡಿಸುವುದು ಅಸಾಧ್ಯ.

(೫) ಇದು ಗ್ರಾಮದ ಮುಖ್ಯಸ್ಥರಿಗೆ. ತಮ್ಮ ಗ್ರಾಮದಲ್ಲಿ ಬೆಳೆಯುವ ಸೊಪ್ಪುಗಳ ಒಂದು ಪಟ್ಟಿಯನ್ನು ಬರೆಯಿಸಿ ಇಡಬೇಕು. ಊರಿನವರು ಹೇಳುವ ಹೆಸರು, ನೆರೆಯ ಸೀಮೆಯಿಂದ ಬಂದ ಸೊಸೆಯಂದಿರು ಹೇಳುವ ಹೆಸರು, ತಿನ್ನುವ ಭಾಗ, ಬಿತ್ತುವ ಕಾಲ, ಕೊಯ್ಯುವ ದಿವಸಗಳು, ಬೀಜದ ಬಣ್ಣ, ಇಷ್ಟನ್ನು ಒಂದೊಂದು ಸಾಲಿನಲ್ಲಿ ಬರೆದು, ಪ್ರತಿಯೊಂದರ ಎದುರಿಗೂ ಒಂದು ಸಣ್ಣ ಸೀಸೆಯಲ್ಲಿ ಬೀಜವನ್ನಿಟ್ಟರೆ ಗ್ರಾಮಕ್ಕೆ ಅದೊಂದು ಆಸ್ತಿಯಾಗುವುದು. ಹೆಸರನ್ನು ಹೇಳುವುದಕ್ಕೆ ಗಂಡಸರನ್ನು ಮಾತ್ರ ಕರೆದರೆ ಪಟ್ಟಿ ಅರೆಯಾಗುವುದು. ವಯಸ್ಸಾದ ಹೆಂಗಸರನ್ನು ಕೇಳಿಯೇ ಇದನ್ನು ಬರೆಯಿಸಬೇಕು. ಗಿಡ ಎರಡೆಲೆಯಾಗಿರುವಾಗಲೇ ಇದು ದಂಟು, ಇದು ಕಳೆ ಎಂದು ಹೇಳಬಲ್ಲವರು ಅವರು.

೬. ಹಳೆಯ ಹೆಸರುಗಳನ್ನು ಬಿಡಬೇಕೆ?

ಇಷ್ಟೆಲ್ಲಾ ತೊಡಕಿರುವಾಗ ನಾಡಿಗೆಲ್ಲಾ ಒಂದೇ ಹೆಸರನ್ನು ಗೊತ್ತುಮಾಡಿ ಉಳಿದುವನ್ನು ಬಿಟ್ಟುಬಿಡಬಾರದೇಕೆ ಎಂದು ಕೆಲವರು ವಿದ್ಯಾವಂತರು ಕೇಳುವುದುಂಟು. ನನ್ನ ಅಭಿಪ್ರಾಯದಲ್ಲಿ ಅದು ಯುಕ್ತವಲ್ಲ. ಪ್ರತಿಯೊ೦ದು ಹೆಸರಿನಲ್ಲಿಯೂ ಒಂದು ಬೇಸಾಯದ ಕ್ರಮವೂ ಒಂದು ಅಡಿಗೆಯ ಕ್ರಮವೂ ಅಡಗಿವೆ. ದಂಟೆಂಬ ಹೆಸರು ಹೋದರೆ ಎಡೆಬಿಟ್ಟು ಬೆಳೆದು ಕಾಂಡವನ್ನು ಬಳಸುವ ತಿಳಿವಳಿಕೆಯೂ ಅದರ ಹಿಂದೆಯೇ ಹೋಗುವುದು. ಬಸ್ಸಾರು ಎಂಬ ಮಾತಿನಲ್ಲಿ ಸೊಪ್ಪನ್ನೂ ಕಾಳನ್ನೂ ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಸಾರುಮಾಡುವ ಬಡವರ ಜಾಣತನವಿದೆ. ಮಸ್ಸೊಪ್ಪು ಎಂಬ ಮಾತಿನಲ್ಲಿ ಬೆಂದ ಸೊಪ್ಪನ್ನು ಮಸೆಯುವ ಕೈಯ ಕೆಲಸವಿದೆ. ಈ ಮಾತುಗಳನ್ನು ಅಳಿಸಿ ಅವುಗಳ ಸ್ಥಾನದಲ್ಲಿ ಎಲ್ಲರಿಗೂ ಒಂದೇ ಮಾತನ್ನು ಕೊಟ್ಟರೆ ಬರೆಯುವವರಿಗೆ ಅನುಕೂಲವಾಗಬಹುದು. ಬೆಳೆಯುವವರಿಗೂ ಉಣ್ಣುವವರಿಗೂ ನಷ್ಟವಾಗುವುದು.

ಜನರಿಗೆ ಊರಿನ ಹೆಸರೂ ಮನೆಯ ಹೆಸರೂ ಜೊತೆಗಿರುವಂತೆ ಬೆಳೆಗೂ ಇರಲಿ. ಊರಿನೊಳಗೆ ಬರಿಯ ಹೆಸರೇ ಸಾಕು. ಊರನ್ನು ಬಿಟ್ಟು ಹೊರಟಾಗ ಯಾವ ಊರಿನವರು, ಯಾರ ಮಕ್ಕಳು ಎಂದು ಹೇಳಿಕೊಳ್ಳುವುದಿಲ್ಲವೆ? ಅದರಂತೆಯೇ ಹರಿವೆಯಾಗಲಿ, ದಂಟಾಗಲಿ, ಕೀರೆಯಾಗಲಿ, ರಾಜಗಿರಿಯಾಗಲಿ, ಊರಿನ ಎಲ್ಲೆಯನ್ನು ದಾಟಿ ಸಂತೆಗೂ ಅಂಗಡಿಗೂ ಕಾಗದಕ್ಕೂ ಹೋಗುವಾಗ ತನ್ನ ಲಕ್ಷಣವನ್ನು ಜೊತೆಗೆ ಹೇಳಿಕೊಂಡು ಹೋಗಲಿ. ಈ ಸಭೆಯಿಂದ ಹಿಂದಿರುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಗಂಟುಕಟ್ಟಿಟ್ಟಿರುವ ಸೊಪ್ಪಿನ ಬೀಜಗಳನ್ನು ಬಿಚ್ಚಿ ನೋಡಿ, ಒಂದೊಂದು ಗಂಟಿಗೂ ಹೆಸರು, ಬಗೆ, ಬಣ್ಣ, ಬಿತ್ತುವ ಕಾಲ, ಈ ನಾಲ್ಕನ್ನು ಬರೆದ ಚೀಟಿಯೊಂದನ್ನು ಕಟ್ಟಬೇಕೆಂದು ಬೇಡುತ್ತೇನೆ. ಮುಂದಿನ ಬಿತ್ತನೆಗೆ ಮುಂಚೆ ಅಷ್ಟಾದರೆ ನಾನು ಇಲ್ಲಿಯವರೆಗೆ ಬಂದು ಹೇಳಿದುದು ಸಾರ್ಥಕವಾಯಿತೆಂದು ತಿಳಿಯುತ್ತೇನೆ.